ಹೊಸಬನ ಕೈಮರ

ನಮ್ಮ ಗಂಡಸಿಯ ಕೂಡುರಸ್ತೆಗೆ ಹ್ಯಾಂಡ್‌ಪೋಸ್ಟ್ ಎಂದೇ ಹೆಸರು, ಕನ್ನಡದಲ್ಲಿ ಕೈಮರ. ದಾರಿ ಬಲ್ಲವನು ಕೈಮರದತ್ತ ತಲೆಯೆತ್ತಿ ನೋಡುವುದಿಲ್ಲ. ಹೊಸಬನಿಗೆ ಅದೇ ಆಧಾರ. ಗಣಕಯಂತ್ರದಲ್ಲಿ ‘ಡೀಫಾಲ್ಟ್’ ಎನ್ನುವುದೂ ಇಂಥ ಕೈಮರವೇ. ನಾವು ಏನನ್ನೂ ಹೇಳದಿದ್ದಾಗ ತಂತ್ರಾಂಶ ಹೇಗೆ ನಡೆದುಕೊಳ್ಳಬೇಕೆಂದು ಮೊದಲೇ ಮಾಡಿಟ್ಟ ಏರ್ಪಾಡು ಅದು.

ನಾನು ಬರೆಯಲು ಬಳಸುವುದು ವಿಮ್ ಎಂಬ ಎಡಿಟರನ್ನು. ಬರಿಯ ಅಕ್ಷರಗಳ ಪರದೆಯ ಮೇಲೆ, ಕೀಲಿಮಣೆಯ ಆಜ್ಞೆಗಳಿಂದ ನಡೆಯುವ ಇದನ್ನು ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದರು. ಬಹುಕಾಲ ಅದರ ಡೀಫಾಲ್ಟುಗಳು 1970ರ ದಶಕದ ‘ವಿಐ’ ಎಡಿಟರಿನ ಸಂಪ್ರದಾಯವನ್ನೇ ಪಾಲಿಸುತ್ತಿದ್ದವು. ಬರೆಯುವಾಗ ಅಳಿಸುವ ಕೀಲಿ ಒತ್ತಿದರೆ ಆಗತಾನೆ ಬರೆದದ್ದಷ್ಟೇ ಹೋಗುತ್ತಿತ್ತು. ಮೊದಲೇ ಇದ್ದ ಅಕ್ಷರ ಅಲುಗುತ್ತಿರಲಿಲ್ಲ. ಹಳಬರಿಗೆ ಅದು ಅಭ್ಯಾಸ, ಹೊಸಬರಿಗೆ ದಿಗಿಲು. 2016ರ 8.0 ಆವೃತ್ತಿ ಇದಕ್ಕೊಂದು ಜಾಣ ಪರಿಹಾರ ಕಂಡುಕೊಂಡಿತು: ‘ವಿಮ್‌ಆರ್‌ಸಿ’ ಎಂಬ ಸ್ವಂತ ಏರ್ಪಾಡಿನ ಕಡತ ಇಲ್ಲದವರಿಗೆ ಮಾತ್ರ ಹೊಸ ಡೀಫಾಲ್ಟುಗಳು ಅನ್ವಯಿಸಿದವು. ಹೊಸಬರಿಗೆ ದಾರಿ ಸುಗಮವಾಯಿತು. ಹಳಬರ ದಾರಿ ಕೆಡಲಿಲ್ಲ.

ಕನ್ನಡ ಬರೆಯುವವನು ಇವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು?

ಉಳಿಸಬೇಕಾದದ್ದು ‘ಸ್ವಾಪ್‌ಫೈಲ್’. ಇನ್ನೂರು ಅಕ್ಷರ ಬರೆದಾಗಲೊಮ್ಮೆ, ಇಲ್ಲವೇ ನಾಲ್ಕು ಸೆಕೆಂಡು ಕೈ ತಡೆದಾಗ, ವಿಮ್ ನಮ್ಮ ಬರಹವನ್ನು ಪಕ್ಕದ ಕಡತದಲ್ಲಿ ಗುಟ್ಟಾಗಿ ಉಳಿಸಿಡುತ್ತದೆ. ಮಳೆಗಾಳಿಗೆ ವಿದ್ಯುತ್ತು ಹೋಗುವ ಊರುಗಳಲ್ಲಿ ಇದರ ಬೆಲೆ ದೊಡ್ಡದು. ಮರಳಿ ಕಡತ ತೆರೆದಾಗ ಉಳಿದುದನ್ನು ಪಡೆಯುವ ದಾರಿಯನ್ನೂ ಅದೇ ಕೇಳುತ್ತದೆ.

ಬದಲಿಸಬೇಕಾದವು ಎರಡು. ವಿಮ್ ಉದ್ದ ಸಾಲನ್ನು ಪರದೆಯ ಅಂಚಿನಲ್ಲಿ ಮಡಿಸುವಾಗ ಪದದ ನಡುವೆಯೇ ಮುರಿಯುತ್ತದೆ. ‘ಲೈನ್‌ಬ್ರೇಕ್’ ಹಾಕಿದರೆ ಪದಗಳ ನಡುವಣ ತೆರಪಿನಲ್ಲಿ ಮಡಿಸುತ್ತದೆ. ಎರಡನೆಯದು ನಮ್ಮ ಗುಣಿತಾಕ್ಷರಕ್ಕೆ ಸಂಬಂಧಿಸಿದ್ದು. ‘ಕಿ’ ಬರೆದ ಮೇಲೆ, ಗುಡಿಸಿನ ಬದಲು ಕೊಂಬು ಬೇಕಿತ್ತೆಂದು ಅಳಿಸುವ ಕೀಲಿ ಒತ್ತಿದರೆ, ಗುಡಿಸಿನೊಡನೆ ‘ಕ’ವೂ ಹೋಗಿಬಿಡುತ್ತದೆ. ಯುನಿಕೋಡಿನಲ್ಲಿ ಅವೆರಡಕ್ಕೂ ಬೇರೆ ಬೇರೆ ಸಂಕೇತಗಳಿದ್ದರೂ ಇಲ್ಲಿ ಅವು ಒಂದೇ ಘಟಕ. ‘ಡೆಲ್‌ಕಂಬೈನ್’ ಹಾಕಿದರೆ ಗುಡಿಸಷ್ಟೇ ಅಳಿದು ‘ಕ’ ಉಳಿಯುತ್ತದೆ.

ಒಂದು ಎಚ್ಚರಿಕೆ: ಇಷ್ಟನ್ನು ಬರೆಯಲು ವಿಮ್‌ಆರ್‌ಸಿ ಮಾಡಿಕೊಂಡ ಕ್ಷಣವೇ 2016ರ ಡೀಫಾಲ್ಟುಗಳು ತಾವಾಗಿ ಬರುವುದು ನಿಲ್ಲುತ್ತದೆ. ಅವುಗಳನ್ನು ಓದಿಕೊಳ್ಳುವಂತೆ ಅದರ ಮೊದಲ ಸಾಲಿನಲ್ಲೇ ಆಜ್ಞಾಪಿಸಬೇಕು.

ಡೀಫಾಲ್ಟು ನಿಪುಣನ ರುಚಿಗಾಗಿ ಇರುವುದಲ್ಲ. ನಿಪುಣನು ತನಗೆ ಬೇಕಾದುದನ್ನು ತಾನೇ ಮಾಡಿಕೊಳ್ಳಬಲ್ಲ. ಕೇಳಲು ತಿಳಿಯದವನ ಪರವಾಗಿ ಮಾಡಿದ ತೀರ್ಮಾನ ಅದು. ಅಳಿಸಿದ ಗುಡಿಸಿನೊಡನೆ ಅಕ್ಷರವೂ ಮಾಯವಾದಾಗ, ಹೊಸಬನು ದೂರುವುದು ಏರ್ಪಾಡನ್ನಲ್ಲ. ‘ಈ ಯಂತ್ರಕ್ಕೆ ಕನ್ನಡ ಒಗ್ಗದು’ ಎಂದುಕೊಂಡು ಎದ್ದು ಹೋಗುತ್ತಾನೆ.