ಹಾಲಿನ ಪುಡಿ ಮತ್ತು ಬಾಟಲಿ ಮುಚ್ಚಳ

ಜಮೈಕಾದ ರಾಜಧಾನಿ ಕಿಂಗ್ಸ್‌ಟನ್‌ನ ಬಡಾವಣೆಗಳಲ್ಲಿ 1986–87ರಲ್ಲಿ ಸಂಶೋಧಕರ ತಂಡವೊಂದು ಮನೆಮನೆ ಸುತ್ತಿ ಕುಳ್ಳಗಿನ ಕೂಸುಗಳನ್ನು ಹುಡುಕಿತು. ಒಂಬತ್ತರಿಂದ ಇಪ್ಪತ್ತನಾಲ್ಕು ತಿಂಗಳೊಳಗಿನ, ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ 129 ಮಕ್ಕಳು ಸಿಕ್ಕರು. ತಂಡದ ಮುಂದಾಳು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಲಾಟರಿಗೆ ಬಿಟ್ಟು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಂದು ಕಿಲೋ ಹಾಲಿನ ಪುಡಿಯ ಪೌಷ್ಟಿಕ ಆಹಾರ, ಇನ್ನೊಂದಕ್ಕೆ ವಾರಕ್ಕೊಂದು ಗಂಟೆ ಆಟ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಹೀಗೆ ಎರಡು ವರ್ಷ ನಡೆಯಿತು.

ಆಟವೆಂದರೆ ದುಬಾರಿ ಗೊಂಬೆಗಳಲ್ಲ. ಸ್ಥಳೀಯ ಆರೋಗ್ಯ ಕಾರ್ಯಕರ್ತೆಯೊಬ್ಬಳು ಖಾಲಿ ಪ್ಲಾಸ್ಟಿಕ್ ಬಾಟಲಿ, ಅದರ ಮುಚ್ಚಳ, ಮರದ ತುಂಡು, ಕೈಯಲ್ಲೇ ಬರೆದ ಚಿತ್ರದ ಪುಸ್ತಕ ಇಂಥವನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದಳು. ಮಗುವಿನ ಜೊತೆ ತಾಯಿಯನ್ನೂ ನೆಲದ ಮೇಲೆ ಕೂರಿಸಿಕೊಳ್ಳುವುದು. ಮುಚ್ಚಳವನ್ನು ಬಾಟಲಿಯೊಳಗೆ ಹಾಕಿ ಅಲ್ಲಾಡಿಸುವುದು, ಮಗು ಕೈಚಾಚಿದರೆ ಕೊಡುವುದು, ಅದು ‘ಬಾ’ ಎಂದರೆ ತಾಯಿ ಅದಕ್ಕೆ ಉತ್ತರ ಕೊಡುವಂತೆ ಹುರಿದುಂಬಿಸುವುದು. ಹೊರಡುವಾಗ ಆಟಿಕೆಗಳನ್ನು ಅಲ್ಲೇ ಬಿಟ್ಟು, ಮುಂದಿನ ವಾರ ಬದಲಾಯಿಸುವುದು. ಮಗುವಿಗೆ ಕಲಿಸುವುದಕ್ಕಿಂತ, ವಾರದ ಉಳಿದ ದಿನಗಳಲ್ಲಿ ಮಗುವಿನ ಜೊತೆ ಇರುವ ತಾಯಿಗೆ ಅಭ್ಯಾಸ ಹಿಡಿಸುವುದೇ ಇಲ್ಲಿನ ಉಪಾಯ.

ಎರಡು ವರ್ಷ ಮುಗಿದಾಗ ಹಾಲೂ ಕೆಲಸ ಮಾಡಿತ್ತು, ಆಟವೂ ಕೆಲಸ ಮಾಡಿತ್ತು. ಎರಡೂ ಸಿಕ್ಕ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲಿ ಸಾಮಾನ್ಯ ಎತ್ತರದ ಮಕ್ಕಳ ಹತ್ತಿರ ಹತ್ತಿರ ಬಂದಿದ್ದರು. ಕುತೂಹಲದ ಸಂಗತಿ ಆಮೇಲಿನದು. ಅದೇ ಮಕ್ಕಳನ್ನು ಮತ್ತೆ ಮತ್ತೆ ಹುಡುಕಿ ಪರೀಕ್ಷಿಸಿದರು. ಹರೆಯದ ಹೊತ್ತಿಗೆ ಹಾಲಿನ ಪುಡಿಯ ಲಾಭ ಅಳತೆಗೆ ಸಿಗದಂತೆ ಕರಗಿತ್ತು, ಆಟದ್ದು ಉಳಿದಿತ್ತು. 22ನೇ ವಯಸ್ಸಿನಲ್ಲಿ, ಆಟ ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚು. 31ರಲ್ಲಿ ಅವರ ಗಂಟೆಯ ಕೂಲಿ ಶೇ 43ರಷ್ಟು ಹೆಚ್ಚು.

ಹಾಗೆಂದು ಹಾಲು ದಂಡ ಎನ್ನುವಂತಿಲ್ಲ. ಹಸಿದ ಮಗು ಆಡುವುದೂ ಇಲ್ಲ. ಎರಡು ವರ್ಷ ತುಂಬುವಷ್ಟರಲ್ಲಿ ಮಿದುಳು ದೊಡ್ಡವರ ಮಿದುಳಿನ ಸುಮಾರು ಶೇ 80ರಷ್ಟು ಗಾತ್ರಕ್ಕೆ ಬೆಳೆದಿರುತ್ತದೆ. ಅದಕ್ಕೆ ಕಬ್ಬಿಣ, ಪ್ರೋಟೀನ್, ಕೊಬ್ಬು ಎಲ್ಲ ಬೇಕು. ಆದರೆ ನರಕೋಶಗಳು ಈ ಅವಧಿಯಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸಂಪರ್ಕಗಳನ್ನು ಕಟ್ಟಿಕೊಳ್ಳುತ್ತವೆ. ಬಳಕೆಗೆ ಬಂದವು ಗಟ್ಟಿಯಾಗುತ್ತವೆ, ಬಾರದವು ಉದುರಿಹೋಗುತ್ತವೆ. ಯಾವುದು ಬಳಕೆಗೆ ಬರಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮಗುವಿನ ಸುತ್ತ ನಡೆಯುವ ಮಾತು, ನೋಟ, ಆಟ.

129 ಮಕ್ಕಳ ಲೆಕ್ಕ ಹಿಡಿದು ಲೋಕಕ್ಕೆಲ್ಲ ತೀರ್ಪು ಕೊಡಬಹುದೇ? ಈ ತಕರಾರಿನಲ್ಲಿ ಹುರುಳಿದೆ. ಅದಕ್ಕೇ ಬಾಂಗ್ಲಾದೇಶ, ಕೊಲಂಬಿಯಾಗಳಲ್ಲಿ ಇದನ್ನು ಮತ್ತೆ ಮಾಡಿ ನೋಡಿದರು. ಒಡಿಶಾದ ಕಟಕ್ ನಗರದ 54 ಕೊಳೆಗೇರಿಗಳ 421 ಮಕ್ಕಳ ಮೇಲೂ ಪ್ರಯೋಗ ನಡೆಯಿತು. ಅಲ್ಲೂ ವಾರದ ಭೇಟಿ ಪಡೆದ ಮಕ್ಕಳ ಬುದ್ಧಿ ಉಳಿದವರದಕ್ಕಿಂತ ಚುರುಕಾಗಿತ್ತು.

ನಮ್ಮಲ್ಲಿ ಈ ಕೆಲಸಕ್ಕೆ ಮನೆ ಇಲ್ಲವೆಂದೇನಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಕೊರತೆ ಇರುವುದು ಕೈಗಳದ್ದು. ಮಕ್ಕಳ ತೂಕ, ಮೊಟ್ಟೆಯ ಲೆಕ್ಕ, ಗರ್ಭಿಣಿ ಬಾಣಂತಿಯರ ಊಟ, ಲಸಿಕೆಯ ದಿನ, ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು, ನಡುವೆ ಮತದಾರರ ಪಟ್ಟಿಯ ಕೆಲಸ. ಇಷ್ಟೆಲ್ಲ ಆದ ಮೇಲೆ ಕಾರ್ಯಕರ್ತೆಗೆ ಹಾಡು, ಕಥೆಗೆ ಉಸಿರು ಉಳಿದರೆ ಅದೇ ಹೆಚ್ಚು.

ತಮಿಳುನಾಡಿನಲ್ಲಿ ಇದನ್ನೇ ಪರೀಕ್ಷೆಗೊಡ್ಡಿದರು. 640 ಅಂಗನವಾಡಿಗಳಲ್ಲಿ ಲಾಟರಿಯಿಂದ ಆರಿಸಿದ ಅರ್ಧದಷ್ಟರಲ್ಲಿ ಅರ್ಧ ದಿನದ ಕೆಲಸಕ್ಕೆ ಒಬ್ಬೊಬ್ಬ ಹೆಚ್ಚುವರಿ ಮಹಿಳೆಯನ್ನು ನೇಮಿಸಲಾಯಿತು. ಮಕ್ಕಳ ಪಾಠ, ಆಟ ಅವಳ ಪಾಲು. ಆಹಾರ, ಆರೋಗ್ಯ ಹಳೆಯ ಕಾರ್ಯಕರ್ತೆಯ ಪಾಲು. ಪಾಠದ ಸಮಯ ದುಪ್ಪಟ್ಟಾಯಿತು. ಹದಿನೆಂಟು ತಿಂಗಳಲ್ಲಿ ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಬಂದರು. ಸಂಶೋಧಕರಿಗೂ ಖುಷಿ ಕೊಟ್ಟಿರಬೇಕಾದ ಮಾತೆಂದರೆ, ಕುಂಠಿತ ಬೆಳವಣಿಗೆ ಮತ್ತು ತೀವ್ರ ಅಪೌಷ್ಟಿಕತೆಯೂ ಇಳಿಯಿತು. ಹಳೆಯ ಕಾರ್ಯಕರ್ತೆಗೆ ಕೊನೆಗೂ ತನ್ನ ಪಾಲಿನ ಕೆಲಸಕ್ಕೆ ಬಿಡುವು ಸಿಕ್ಕಿತ್ತಲ್ಲ!

ಇಷ್ಟಾದರೂ ಅಂಗನವಾಡಿಯ ಕಲಿಕೆ ಶುರುವಾಗುವುದು ಮೂರು ತುಂಬಿದ ಮೇಲೆ. ಕಿಂಗ್ಸ್‌ಟನ್‌ನ ಮಕ್ಕಳು ಆಟ ಶುರುವಾದಾಗ ಎರಡೂ ದಾಟಿರಲಿಲ್ಲ. ಆ ವಯಸ್ಸಿನ ಕೂಸಿಗೆ ನಮ್ಮಲ್ಲಿ ಮುಖ್ಯವಾಗಿ ಸಿಗುವುದು ಮನೆಗೊಯ್ಯುವ ಆಹಾರದ ಪೊಟ್ಟಣ. ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗೆಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ಗಳು ಈ ಕೊರತೆಯ ಒಂದು ಮೂಲೆಯನ್ನು ತುಂಬಬಲ್ಲವು. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ 2024ರಲ್ಲಿ ಕೇಂದ್ರ ಸರ್ಕಾರ ‘ನವಚೇತನ’ ಎಂಬ ಮಾರ್ಗಸೂಚಿಯನ್ನೂ ತಂದಿದೆ. ಅದರಲ್ಲಿ 140 ಚಟುವಟಿಕೆಗಳಿವೆ. ಅವುಗಳನ್ನು ಮನೆಬಾಗಿಲಿಗೆ ಒಯ್ಯುವವರು ಯಾರು, ಎಷ್ಟು ಸಲ ಎಂಬುದೇ ಈಗಿನ ಪ್ರಶ್ನೆ. ಜಮೈಕಾದ ಕಾರ್ಯಕರ್ತೆ ಎರಡು ವರ್ಷದಲ್ಲಿ ಒಂದು ಮನೆಗೆ ನೂರರಷ್ಟು ಸಲ ಹೋಗಬೇಕಿತ್ತು. ಎಳೆಯ ಮಕ್ಕಳ ಮನೆಭೇಟಿಯ 2018ರ ಯೋಜನೆಯಂತೆ ನಮ್ಮ ಆಶಾ ಕಾರ್ಯಕರ್ತೆ ಮಗುವಿನ ಮೂರನೇ ತಿಂಗಳಿಂದ ಹದಿನೈದನೇ ತಿಂಗಳವರೆಗೆ ಹೋಗಬೇಕಾದದ್ದು ಐದು ಸಲ, ಭೇಟಿಗೆ 50 ರೂಪಾಯಿಯ ಲೆಕ್ಕದಲ್ಲಿ.