ಕೊಳೆಗೇರಿಯ ಮನೆಗಳು ಮತ್ತು ಶೌಚಾಲಯದ ಬೇಡಿಕೆ

ನಗರಗಳ ಕೊಳೆಗೇರಿಗಳಲ್ಲಿ ವಾಸಿಸುವ ಬಡ ಕುಟುಂಬಗಳಿಗೆ ಶೌಚಾಲಯದ ಅಗತ್ಯವೇ ಮನವರಿಕೆಯಾಗಿಲ್ಲವೆಂಬ ಅಭಿಪ್ರಾಯ ಬಹುಕಾಲದಿಂದ ಪ್ರಚಲಿತವಾಗಿದೆ. ವಸ್ತುಸ್ಥಿತಿ ಇದಕ್ಕಿಂತ ಭಿನ್ನವಾಗಿದೆ. 2011ರ ಜನಗಣತಿಯ ಪ್ರಕಾರ ದೇಶದ ಕೊಳೆಗೇರಿಗಳ ಶೇ. 66ರಷ್ಟು ಕುಟುಂಬಗಳಿಗೆ ಮನೆಯ ಆವರಣದಲ್ಲಿಯೇ ಶೌಚಾಲಯವಿತ್ತು. ಸುಮಾರು ಶೇ. 15ರಷ್ಟು ಕುಟುಂಬಗಳು ಸಾರ್ವಜನಿಕ ಶೌಚಾಲಯವನ್ನೂ, ಶೇ. 19ರಷ್ಟು ಕುಟುಂಬಗಳು ಬಯಲನ್ನೂ ಅವಲಂಬಿಸಿದ್ದವು. ಉಳಿದ ಈ ಮೂರನೆಯ ಒಂದು ಭಾಗದ ಜನರಿಗೆ ಶೌಚಾಲಯ ಬೇಡವಾಗಿತ್ತೆಂದು ಇದರಿಂದ ತೀರ್ಮಾನಿಸಲಾಗದು. ಅವರ ಬೇಡಿಕೆಯನ್ನು ತಡೆದು ನಿಲ್ಲಿಸಿದ ಕಾರಣಗಳನ್ನು ಅವರ ಮನೆಯೊಳಗೂ, ಮನೆಯ ಮುಂದಿನ ಗಲ್ಲಿಯಲ್ಲಿಯೂ ಹುಡುಕಬೇಕಾಗುತ್ತದೆ.

ಶೌಚಾಲಯವನ್ನು ಬಯಸುವ ಕುಟುಂಬವು ರೋಗನಿವಾರಣೆಯನ್ನು ಮೊದಲ ಕಾರಣವಾಗಿ ಹೇಳುವುದು ಅಪರೂಪ. ಕತ್ತಲಾಗುವವರೆಗೆ ಕಾಯಬೇಕಾದ ಹೆಂಗಸರ ಪಾಡು, ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳ ಸುರಕ್ಷತೆ, ಕೆಲಸಕ್ಕೆ ಹೊರಡುವ ಹೊತ್ತಿನ ಉದ್ದನೆಯ ಸಾಲು, ಮನೆಗೆ ಬಂದ ನೆಂಟರ ಎದುರು ಆಗುವ ಸಂಕೋಚ, ಹಾಸಿಗೆ ಹಿಡಿದ ವೃದ್ಧರ ಅಸಹಾಯಕತೆ ಇವೇ ಮುಂದೆ ಬರುತ್ತವೆ. ಹೊರಗೆ ಹೋಗುವ ಪ್ರಮೇಯ ತಪ್ಪಲೆಂದು ಹಗಲಿನಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಸ್ತ್ರೀಯರಿದ್ದಾರೆ. ವಾಂತಿಭೇದಿಯ ಚಿತ್ರವಿರುವ ಭಿತ್ತಿಪತ್ರಗಳು ಈ ಯಾತನೆಯನ್ನು ಮುಟ್ಟುವುದೇ ಇಲ್ಲ.

'ಟೆಲಿವಿಷನ್ ಇದೆ, ಶೌಚಾಲಯವಿಲ್ಲ' ಎಂಬ ಆಕ್ಷೇಪಣೆಯೂ ಆಗಾಗ ಕೇಳಿಬರುತ್ತದೆ. ಆದರೆ ಗುಡಿಸಲನ್ನು ತೆರವುಗೊಳಿಸುವ ದಿನ ಬಂದರೆ ಟೆಲಿವಿಷನ್ನನ್ನು ಹೊತ್ತುಕೊಂಡು ಹೋಗಬಹುದು, ಶೌಚಾಲಯವನ್ನು ಹೊತ್ತೊಯ್ಯಲಾಗದು. ನೆಲದ ಹಕ್ಕು ಖಚಿತವಿಲ್ಲದ ಕುಟುಂಬವು ಇಟ್ಟಿಗೆ ಸಿಮೆಂಟಿಗೆ ಹಣ ಹಾಕಲು ಹಿಂಜರಿಯುವುದರಲ್ಲಿ ಅಜ್ಞಾನಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಬಾಡಿಗೆದಾರರ ಸ್ಥಿತಿ ಇನ್ನೂ ಕಠಿಣ. ಶೌಚಾಲಯ ಬೇಕಾದವನು ಬಾಡಿಗೆದಾರ, ಕಟ್ಟಿಸಬೇಕಾದವನು ಬೇರೆಡೆ ವಾಸಿಸುವ ಮಾಲೀಕ. ಕಲಬುರಗಿ, ವಿಜಯಪುರ ಮುಂತಾದ ಜಿಲ್ಲೆಗಳಿಂದ ಕೂಲಿಗಾಗಿ ಮುಂಬಯಿ, ಪುಣೆಗಳಿಗೆ ಬಂದು ಬಾಡಿಗೆಯ ಖೋಲಿಗಳಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೆ ಈ ತೊಡಕು ಹೊಸದಲ್ಲ.

ಜಾಗದ ಪ್ರಶ್ನೆಯೂ ಇದೆ. ಮುಂಬಯಿಯ ಖೋಲಿ ಎಂದರೆ ಬಹುಮಟ್ಟಿಗೆ ನೂರು, ನೂರೈವತ್ತು ಚದರ ಅಡಿಯ ಒಂದೇ ಕೋಣೆ. ಅಡಿಗೆ, ನಿದ್ದೆ, ಮಕ್ಕಳ ಓದು ಎಲ್ಲವೂ ಅಲ್ಲಿಯೇ. ಒಂದು ಮೂಲೆಯ 'ಮೋರಿ'ಯಲ್ಲಿ ಸ್ನಾನ ಮತ್ತು ಪಾತ್ರೆ ತೊಳೆಯುವ ಕೆಲಸ ನಡೆಯುತ್ತದೆ. ಕೈಯಿಂದ ನೀರು ಸುರಿಯುವ ಎರಡು ಗುಂಡಿಗಳ ಶೌಚಾಲಯವು ಅಗ್ಗವೂ ಉತ್ತಮವೂ ಆದ ವಿಧಾನ. ಒಂದು ಗುಂಡಿ ತುಂಬಿದ ಮೇಲೆ ಇನ್ನೊಂದನ್ನು ಬಳಸಲಾಗುತ್ತದೆ. ಮುಚ್ಚಿಟ್ಟ ಮೊದಲನೆಯದು ಸುಮಾರು ಒಂದೂವರೆ, ಎರಡು ವರ್ಷಗಳಲ್ಲಿ ಗೊಬ್ಬರವಾಗುತ್ತದೆ. ಆದರೆ ಗೋಡೆಗೆ ಗೋಡೆ ತಾಗಿಕೊಂಡಿರುವ ವಸತಿಯಲ್ಲಿ ಒಂದು ಗುಂಡಿಗೂ ಸ್ಥಳವಿರುವುದಿಲ್ಲ.

ಇಂತಹ ಕಡೆ ಸಮುದಾಯ ಶೌಚಾಲಯವೇ ಉಳಿದ ದಾರಿ. 1995ರಲ್ಲಿ ಆರಂಭವಾದ ಮುಂಬಯಿಯ ಮಲಿನಜಲ ವಿಲೇವಾರಿ ಯೋಜನೆಯ ಅಂಗವಾಗಿ, ವಿಶ್ವಬ್ಯಾಂಕಿನ ನೆರವಿನಿಂದ, ಅಲ್ಲಿನ ಮಹಾನಗರ ಪಾಲಿಕೆಯು ಕೊಳೆಗೇರಿ ನೈರ್ಮಲ್ಯ ಕಾರ್ಯಕ್ರಮವನ್ನು ಕೈಗೊಂಡಿತು. ಕಟ್ಟಡ ಕಟ್ಟಿ ಜನರಿಗೆ ಒಪ್ಪಿಸುವ ಹಳೆಯ ಕ್ರಮವನ್ನು ಇಲ್ಲಿ ಕೈಬಿಡಲಾಯಿತು. ಮೊದಲು ನಿವಾಸಿಗಳು ಸಂಘ ರಚಿಸಿ, ವಯಸ್ಕರೊಬ್ಬರಿಗೆ 100 ರೂ., ಕುಟುಂಬವೊಂದಕ್ಕೆ ಹೆಚ್ಚೆಂದರೆ 500 ರೂ. ವಂತಿಗೆ ಕೂಡಿಸಬೇಕಾಗಿತ್ತು. ಕೈಯಿಂದ ಹಣ ಕೊಟ್ಟವರ ಬೇಡಿಕೆಯೇ ನಿಜವಾದ ಬೇಡಿಕೆ ಎಂಬುದು ಇದರ ಹಿಂದಿನ ತರ್ಕ. 2005ರ ವೇಳೆಗೆ 300ಕ್ಕೂ ಹೆಚ್ಚು ಶೌಚಾಲಯ ಸಂಕೀರ್ಣಗಳು ಮೇಲೆದ್ದವು. ಆದರೂ ಈ ತರ್ಕಕ್ಕೆ ಒಂದು ಮಿತಿಯಿದೆ. ದಿನಗೂಲಿಯವನು ಒಮ್ಮೆಗೇ 500 ರೂ. ಕೊಡಲಾರದೆ ಹೋದರೆ ಅವನ ಮನೆಯವರಿಗೆ ಶೌಚಾಲಯ ಬೇಡವೆಂದು ಅರ್ಥವಲ್ಲ.

ಶುಲ್ಕದ ರೀತಿಯೂ ಬಳಕೆಯನ್ನು ನಿರ್ಧರಿಸುತ್ತದೆ. ಒಂದು ಬಾರಿಗೆ ಕೇವಲ 2 ರೂ. ಎಂದಿಟ್ಟುಕೊಂಡರೂ, ಐದು ಜನರ ಕುಟುಂಬವು ದಿನಕ್ಕೊಮ್ಮೆ ಬಳಸಿದರೆ ತಿಂಗಳಿಗೆ 300 ರೂ. ಆಗುತ್ತದೆ. ಆಗ ಮೊದಲು ಹೊರಗುಳಿಯುವವರು ಮಕ್ಕಳು. ಗಟಾರದ ಅಂಚೇ ಅವರ ಶೌಚಾಲಯವಾಗುತ್ತದೆ. ಕುಟುಂಬಕ್ಕೆ ಒಂದೇ ಮಾಸಿಕ ಪಾಸ್ ಇದ್ದರೆ ಈ ಎಣಿಕೆಗೆ ಎಡೆಯಿರುವುದಿಲ್ಲ. ಪುಣೆಯಲ್ಲಿ 1999ರಿಂದ 2001ರ ಅವಧಿಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಸಹಯೋಗದಿಂದ 400ಕ್ಕೂ ಹೆಚ್ಚು ಸಂಕೀರ್ಣಗಳು ನಿರ್ಮಾಣವಾದವು. ಮಹಿಳಾ ಮಿಲನ್ ಎಂಬ ಉಳಿತಾಯ ಗುಂಪುಗಳ ಸ್ತ್ರೀಯರು ಅವುಗಳ ವಿನ್ಯಾಸದಲ್ಲಿ ಪಾಲ್ಗೊಂಡಿದ್ದರು. ಮಕ್ಕಳಿಗೆ ಪ್ರತ್ಯೇಕ ಪುಟ್ಟ ಶೌಚಸ್ಥಾನ ಮತ್ತು ಮೇಲ್ವಿಚಾರಕನ ಕುಟುಂಬಕ್ಕೆ ಅಲ್ಲಿಯೇ ಒಂದು ಕೋಣೆ ಇಂತಹ ಕಟ್ಟಡಗಳ ವಿಶೇಷ. ಕತ್ತಲ ಗುಂಡಿಯಲ್ಲಿ ಬೀಳುವ ಭಯ, ದೊಡ್ಡವರು ಸಾಲಿನಿಂದ ತಳ್ಳಿಬಿಡುವ ಭಯ ಮಗುವಿಗೆ ಎಷ್ಟಿರುತ್ತದೆಂಬುದು ತಾಯಂದಿರಿಗೆ ಗೊತ್ತಿದ್ದ ಸಂಗತಿ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ ನಗರ ವಿಭಾಗವು ಮನೆಯ ಶೌಚಾಲಯಕ್ಕೆ ಕೇಂದ್ರದಿಂದ 4,000 ರೂ. ಪ್ರೋತ್ಸಾಹಧನವನ್ನು ಗೊತ್ತುಪಡಿಸಿತು; ರಾಜ್ಯಗಳು ತಮ್ಮ ಪಾಲನ್ನು ಸೇರಿಸಿದವು. ಹಣಕ್ಕಿಂತಲೂ ಮುಖ್ಯವಾದ ಅಂಶವೊಂದು ಅದರ ಮಾರ್ಗಸೂಚಿಯಲ್ಲಿತ್ತು. ವಸತಿ ಅಧಿಕೃತವೋ ಅನಧಿಕೃತವೋ ಎಂದು ನೋಡದೆ, ನೆಲದ ಹಕ್ಕಿನ ಪ್ರಶ್ನೆಯಿಂದ ಈ ನೆರವನ್ನು ಬೇರ್ಪಡಿಸಲಾಯಿತು. ಜಾಗವಿಲ್ಲದೆಡೆ ಕಟ್ಟುವ ಸಮುದಾಯ ಶೌಚಾಲಯಗಳಲ್ಲಿ 35 ಪುರುಷರಿಗೆ ಒಂದು, 25 ಸ್ತ್ರೀಯರಿಗೆ ಒಂದು ಶೌಚಸ್ಥಾನದ ಪ್ರಮಾಣವನ್ನು ವಿಧಿಸಲಾಯಿತು.

ಇಷ್ಟಾದರೂ ಕುಟುಂಬದ ಬೇಡಿಕೆ ಸಾಮಾನ್ಯವಾಗಿ ತನ್ನ ಗೋಡೆಯವರೆಗೆ ಮಾತ್ರ. ಅದರಾಚೆ ಮಲಿನಜಲ ಎಲ್ಲಿಗೆ ಹೋಗುತ್ತದೆಂಬುದಕ್ಕಾಗಿ ಯಾವ ಮನೆಯೂ ತಾನಾಗಿ ಹಣ ತೆರುವುದಿಲ್ಲ. ಅಗತ್ಯಕ್ಕಿಂತ ಚಿಕ್ಕದಾದ ಸೆಪ್ಟಿಕ್ ಟ್ಯಾಂಕು ಮಳೆನೀರಿನ ಚರಂಡಿಗೆ ಹರಿಯುತ್ತದೆ, ಒಬ್ಬರ ಮನೆಯ ಸೌಕರ್ಯ ಮುಂದಿನ ಮನೆಯ ರೋಗವಾಗುತ್ತದೆ. ಟ್ಯಾಂಕಿನೊಳಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆದರೆ ಹೂಳೆತ್ತುವ ವಾಹನವು ನಾಲ್ಕಡಿ ಅಗಲದ ಗಲ್ಲಿಗೆ ಬರಲಾರದು. ಇದು ಕುಟುಂಬಗಳ ಕೈಮೀರಿದ ಕೆಲಸ, ನಗರಸಭೆಗಳದ್ದು. ಗಲ್ಲಿಗೆ ಕಾಂಕ್ರೀಟ್ ಹಾಸುವ ಮುನ್ನವೇ ಅದರಡಿಯಲ್ಲಿ ಒಳಚರಂಡಿಯ ಕೊಳವೆ ಹೂಡಿದರೆ, ಖೋಲಿಯ ಮೋರಿಯನ್ನು ಒಂದಿಷ್ಟು ಹಿಂದೆ ಸರಿಸಿ ಶೌಚಸ್ಥಾನ ಅಳವಡಿಸಿಕೊಳ್ಳಲು ಅಲ್ಲಿನ ಕುಟುಂಬಕ್ಕೆ ಗುಂಡಿಯ ಜಾಗವೂ ಬೇಕಾಗದು, ಹೂಳೆತ್ತುವ ವಾಹನವೂ ಬೇಕಾಗದು.