ರಿಮ್ಯಾಂಡ್ ಹೋಮಿಗೆ ಹಾಕಿದರೆ ಹುಡುಗರಿಗೆ ಬುದ್ಧಿ ಬರುತ್ತದೆಯೇ?

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಸತ್ತರು. ಕಾರು ಓಡಿಸುತ್ತಿದ್ದ ಆರೋಪ ಹೊತ್ತ 17 ವರ್ಷದ ಹುಡುಗನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು. 300 ಪದಗಳ ಪ್ರಬಂಧ ಬರೆಯಬೇಕೆಂಬುದು ಷರತ್ತುಗಳಲ್ಲೊಂದು. ಜನ ಸಿಟ್ಟಾದರು, ಆ ಸಿಟ್ಟು ನಮಗೂ ಅರ್ಥವಾಗುತ್ತದೆ. ಆದರೆ ಇಂಥ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ನಾಲ್ಕು ದಿನ ಒಳಗೆ ಹಾಕಿ, ತಾನಾಗೇ ಬುದ್ಧಿ ಬರುತ್ತೆ." ಇದು ನಿಜವೇ?

ಪರೀಕ್ಷಿಸುವುದು ಸುಲಭವಲ್ಲ. ದೊಡ್ಡ ತಪ್ಪು ಮಾಡಿದವರೇ ಹೆಚ್ಚಾಗಿ ಒಳಗೆ ಹೋಗುವುದರಿಂದ, ಅವರು ಮತ್ತೆ ಅಪರಾಧ ಮಾಡಿದರೆ ಕಾರಣ ಹುಡುಗನ ಸ್ವಭಾವವೋ, ಒಳಗಿನ ವಾಸವೋ ತಿಳಿಯುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆನಾ ಐಜರ್ ಮತ್ತು ಜೋಸೆಫ್ ಡಾಯ್ಲ್ ಇದಕ್ಕೊಂದು ದಾರಿ ಕಂಡುಕೊಂಡರು. ಶಿಕಾಗೋದಲ್ಲಿ ಮಕ್ಕಳ ಪ್ರಕರಣ ಯಾವ ನ್ಯಾಯಾಧೀಶರ ಮುಂದೆ ಬರುತ್ತದೆ ಎಂಬುದು ಹೆಚ್ಚುಕಡಿಮೆ ಲಾಟರಿ ಇದ್ದ ಹಾಗೆ. ಕೆಲವರು ಬೇಗ ಒಳಗೆ ಕಳಿಸುತ್ತಾರೆ, ಕೆಲವರು ಕಳಿಸುವುದಿಲ್ಲ. ಹೀಗಾಗಿ ಒಂದೇ ಥರದ ಇಬ್ಬರು ಹುಡುಗರಲ್ಲಿ ಒಬ್ಬ ಒಳಗೆ ಹೋದರೆ ಇನ್ನೊಬ್ಬ ಮನೆಗೆ ಹೋಗುತ್ತಾನೆ. ಸುಮಾರು 35,000 ಮಕ್ಕಳ ದಾಖಲೆ ನೋಡಿದ ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಳಗೆ ಹೋದವರು ಹೈಸ್ಕೂಲ್ ಮುಗಿಸುವ ಸಾಧ್ಯತೆ ಕಡಿಮೆ, ದೊಡ್ಡವರಾದ ಮೇಲೆ ಜೈಲು ಸೇರುವ ಸಾಧ್ಯತೆ ಹೆಚ್ಚು ಎಂದು ಅದು ಹೇಳಿತು. ಒಮ್ಮೆ ಶಾಲೆ ತಪ್ಪಿದವರು ಮರಳಿ ಶಾಲೆಗೆ ಹೋಗಿದ್ದೇ ಅಪರೂಪ.

ಸುಮ್ಮನೆ ಜೈಲು ತೋರಿಸಿ ಹೆದರಿಸಿದರೆ? ಅದನ್ನೂ ಮಾಡಿ ನೋಡಿದ್ದಾರೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾಹ್‌ವೇ ಜೈಲಿನಲ್ಲಿ ಜೀವಾವಧಿ ಕೈದಿಗಳು ಹುಡುಗರ ಮುಂದೆ ಕೂಗಾಡಿ ಹೆದರಿಸುತ್ತಿದ್ದರು. ಅದರ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಕೂಡ ಬಂತು! ಇಂಥ ಕಾರ್ಯಕ್ರಮಗಳ ಒಂಬತ್ತು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಏನನ್ನೂ ಮಾಡದೆ ಬಿಟ್ಟ ಹುಡುಗರಿಗಿಂತ ಹೆದರಿಸಿದ ಹುಡುಗರೇ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು.

ನಮ್ಮ ಬಾಲ ನ್ಯಾಯ ಕಾಯ್ದೆ, 2015 ಕೂಡ ಮಕ್ಕಳನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಎನ್ನುತ್ತದೆ. ಬಾಲ ನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ. ಬುದ್ಧಿಮಾತು ಹೇಳಿ ಮನೆಗೆ ಕಳಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಪೋಷಕರ ಜೊತೆಗಿರಿಸುವುದು, ಇವೆಲ್ಲ ಮಂಡಳಿಯ ಕೈಯಲ್ಲಿವೆ. ಅತಿ ಗಂಭೀರ ಅಪರಾಧದ ಆರೋಪವಿರುವ 16ರಿಂದ 18 ವರ್ಷದವರ ವಿಷಯ ಬೇರೆ. ಅವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ಪರಿಶೀಲಿಸಲಾಗುತ್ತದೆ. ಮೊಬೈಲ್ ಕದ್ದ ಹುಡುಗನಿಗೆ ಪುಣೆಯ ಸಿಟ್ಟನ್ನು ಅಳತೆಗೋಲು ಮಾಡಬೇಕಿಲ್ಲ.

ಪ್ರೊಬೇಷನ್ ಅಧಿಕಾರಿ ಮಂಡಳಿಗೆ ವರದಿ ಕೊಡುವ ಮೊದಲು ಹುಡುಗನ ಮನೆ, ಶಾಲೆ, ನೆರೆಹೊರೆಯ ವಿಚಾರಿಸುತ್ತಾರೆ. ನಿಮ್ಮ ಬೀದಿಗೂ ಬರಬಹುದು. ಶಾಲೆಗೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎನ್ನುವ ಮೇಷ್ಟ್ರು, ಕೆಲಸ ಕಲಿಸುತ್ತೇನೆ ಎನ್ನುವ ಗ್ಯಾರೇಜಿನವರು ಇದ್ದರೆ ಹುಡುಗ ಮನೆಯಲ್ಲೇ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಇನ್ನು ಆ ಹುಡುಗನ ಫೋಟೊ ನಿಮ್ಮ ಏರಿಯಾದ ವಾಟ್ಸಾಪ್ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಗುರುತು ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.